ಮೇಲೆ ಥಳಕು, ಒಳಗೆ ಹುಳುಕು

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಈಗ ಎತ್ತ ನೋಡಿದರತ್ತ ವ್ಯಾಯಾಮಶಾಲೆಗಳು ತಲೆಯೆತ್ತಿವೆ. ಹಗಲೆಲ್ಲ ಲೇತ್ ಯಂತ್ರದ ಮುಂದೆ ನಿಂತ ತರುಣನೂ, ಇರುಳೆಲ್ಲ ಕಂಪ್ಯೂಟರಿನ ಮುಂದೆ ಕುಳಿತ ತರುಣನೂ ಪಾಳಿ ಮುಗಿದೊಡನೆ ಅಲ್ಲಿಗೆ ಹೋಗಿ ಬೆವರು ಸುರಿಸುತ್ತಿರುವುದನ್ನು ಕಂಡು ನಮಗೆ ಹರ್ಷವೇ ಆಗಿದೆ. ಮಕ್ಕಳ ಮೈಯಲ್ಲಿ ಕಸುವಿಲ್ಲದ ನಾಡು ಹೆಚ್ಚು ದಿನ ತಲೆಯೆತ್ತಿ ನಡೆಯಲಾರದು. ಹಿಂದೆ ಪೇಟೆಯ ಗರಡಿಗಳಲ್ಲಿ ಮಟ್ಟಿ ಮುಟ್ಟಿ ನಮಸ್ಕರಿಸಿ ಸಾಮು ತೆಗೆಯುತ್ತಿದ್ದವರ ಉತ್ಸಾಹವೇ ಇಂದು ಕಬ್ಬಿಣದ ಗುಂಡುಗಳ ನಡುವೆ ಮೈದಾಳಿದೆಯೆಂದರೆ ಸಂತೋಷಪಡದವರಾರು?

ಆದರೆ ಈ ಸಂತೋಷದ ಬೆನ್ನಿಗೇ ಒಂದು ಅನಿಷ್ಟವೂ ಒಳಗೆ ಕಾಲಿಟ್ಟಿದೆ. ವರ್ಷಗಳ ದುಡಿಮೆಯಿಂದ ಬರಬೇಕಾದ ಮೈಕಟ್ಟನ್ನು ಮೂರೇ ತಿಂಗಳಲ್ಲಿ ತಂದುಕೊಡುವೆವೆಂದು ಆಸೆ ತೋರಿಸುವ ಗುಳಿಗೆ ಮತ್ತು ಸೂಜಿಮದ್ದುಗಳೇ ಆ ಅನಿಷ್ಟ. ಇವುಗಳಿಗೆ ಅನಬಾಲಿಕ್ ಸ್ಟೀರಾಯ್ಡ್‌ಗಳೆಂದು ಹೆಸರು. ಗಂಡಿನ ದೇಹದಲ್ಲಿ ಸಹಜವಾಗಿ ಹುಟ್ಟುವ ಟೆಸ್ಟೊಸ್ಟೆರಾನ್ ಎಂಬ ರಸವನ್ನು 1935ರಲ್ಲಿ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಅದರ ಸಂತತಿಯೇ ಈ ಮದ್ದುಗಳು. ಉಬ್ಬಸಕ್ಕೂ ಕೀಲುಬೇನೆಗೂ ವೈದ್ಯರು ಕೊಡುವ ಸ್ಟೀರಾಯ್ಡ್ ಬೇರೆಯೇ ಬಗೆಯದು. ವಾಚಕರು ಎರಡನ್ನೂ ಒಂದೆಂದು ಭಾವಿಸಿ ಗಾಬರಿಗೊಳ್ಳಬಾರದು. ಟೆಸ್ಟೊಸ್ಟೆರಾನಿಗೂ ವೈದ್ಯಶಾಸ್ತ್ರದಲ್ಲಿ ನ್ಯಾಯವಾದ ಸ್ಥಾನವುಂಟು. ದೇಹದಲ್ಲಿ ಅದು ಸಾಲದವನಿಗೆ ಅದು ಔಷಧ. ಸಾಕಷ್ಟಿರುವವನು ಅದನ್ನು ಹತ್ತಾರು ಪಟ್ಟು ಸುರಿದುಕೊಂಡರೆ ಅದೇ ವಿಷವಾಗುತ್ತದೆ.

ಕ್ರೀಡಾಲೋಕವು ಈ ಮದ್ದಿನ ಕಹಿಯನ್ನು ಚೆನ್ನಾಗಿ ಉಂಡಿದೆ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಕೆನಡದ ಬೆನ್ ಜಾನ್ಸನ್ನನ ಚಿನ್ನ ಕೈಬಿಟ್ಟುಹೋದದ್ದು ಇದರಿಂದಲೇ. ನಮ್ಮ ನಾಡಿಗೂ ಈ ನೋವು ತಟ್ಟದಿರಲಿಲ್ಲ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿಯೂ ಗುವಾಂಗ್‌ಝೌದ ಏಷ್ಯನ್ ಕ್ರೀಡೆಗಳಲ್ಲಿಯೂ ಚಿನ್ನ ಗೆದ್ದು ಕನ್ನಡಿಗರು ಹಿಗ್ಗುವಂತೆ ಮಾಡಿದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರು ಮರುವರ್ಷವೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಪೋಷಕ ಪದಾರ್ಥದಲ್ಲಿ ಆ ಮದ್ದು ಬೆರೆತಿತ್ತೆಂಬುದು ಕ್ರೀಡಾಪಟುಗಳ ವಾದವಾಗಿತ್ತು. ಆದರೂ 2012ರಲ್ಲಿ ಕ್ರೀಡಾ ನ್ಯಾಯಾಲಯವು ಒಂದು ವರ್ಷದ ನಿಷೇಧವನ್ನು ಎರಡು ವರ್ಷಕ್ಕೇರಿಸಿತು. ತನ್ನ ದೇಹದೊಳಕ್ಕೆ ಹೋಗುವುದಕ್ಕೆ ತಾನೇ ಹೊಣೆ ಎಂಬುದು ಆ ತೀರ್ಪಿನ ತಿರುಳು. 2023ರಲ್ಲಿ ಭಾರತದ ಕ್ರೀಡಾಪಟುಗಳಿಂದ ಪಡೆದ 5,606 ಮಾದರಿಗಳ ಪೈಕಿ 213ರಲ್ಲಿ ನಿಷಿದ್ಧ ವಸ್ತುಗಳು ಕಂಡುಬಂದವು. ಇದು ನಾವು ತಲೆತಗ್ಗಿಸಬೇಕಾದ ಸಂಖ್ಯೆ.

ಪದಕ ಹೋಯಿತೆಂದು ಇಷ್ಟು ಗದ್ದಲವಾಗುತ್ತದೆ. ರಕ್ತನಾಳಗಳಿಗಾಗುವ ಹಾನಿಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಾವು ಇಂದು ಹೇಳಬೇಕೆಂದಿರುವುದು ಅದನ್ನೇ. ಈ ಮದ್ದು ಮೂತ್ರಪಿಂಡಗಳ ಮೂಲಕ ಉಪ್ಪನ್ನೂ ನೀರನ್ನೂ ಮೈಯಲ್ಲಿ ತಡೆದಿಡುತ್ತದೆ. ಕೆಲವೇ ವಾರಗಳಲ್ಲಿ ಏರುವ ತೂಕದಲ್ಲಿ ಒಂದು ಪಾಲು ಮಾಂಸವಲ್ಲ, ಬರಿಯ ನೀರು. ರಕ್ತನಾಳಗಳ ಒಳಪೊರೆಯು ತನ್ನ ಸಡಿಲಗೊಳ್ಳುವ ಗುಣವನ್ನು ಕಳೆದುಕೊಂಡು ಬಿಗಿಯಾಗುತ್ತದೆ. ಕೆಂಪು ಕಣಗಳು ಹೆಚ್ಚಿ ರಕ್ತವು ಗಟ್ಟಿಯಾಗುತ್ತದೆ. ಒಳ್ಳೆಯ ಕೊಬ್ಬು ಇಳಿದು ಕೆಟ್ಟ ಕೊಬ್ಬು ಏರುತ್ತದೆ. ಹೀಗೆ ಇಕ್ಕಟ್ಟಾದ ಕಾಲುವೆಯಲ್ಲಿ ಹೆಚ್ಚು ನೀರನ್ನು ನೂಕಬೇಕಾದ ಪಂಪಿನ ಪಾಡೇ ಹೃದಯದ ಪಾಡಾಗುತ್ತದೆ. ತೋಳು ದಪ್ಪವಾದಂತೆ ಹೃದಯದ ಗೋಡೆಯೂ ದಪ್ಪವಾಗುತ್ತದೆ. ತೋಳಿಗೆ ಅದು ಶೋಭೆಯಾದೀತು, ಹೃದಯಕ್ಕೆ ಅದು ರೋಗ.

ನೆದರ್ಲೆಂಡ್ಸಿನಲ್ಲಿ ಈ ಮದ್ದು ತೆಗೆದುಕೊಳ್ಳುತ್ತಿದ್ದ ನೂರು ಪುರುಷರನ್ನು ವೈದ್ಯರು ಪರೀಕ್ಷಿಸುತ್ತ ಹೋದಾಗ, ರಕ್ತದ ಒತ್ತಡದ ಮೇಲಿನ ಅಂಕೆ ಸರಾಸರಿ 7ರಷ್ಟೂ ಕೆಳಗಿನ ಅಂಕೆ 3ರಷ್ಟೂ ಏರಿದ್ದು ಕಂಡುಬಂದಿತು. ಇಷ್ಟೇ ತಾನೆ ಎನ್ನುವವರುಂಟು. ಸರಾಸರಿಯೆಂಬುದು ಒಬ್ಬನ ಅಳತೆಯಲ್ಲ. ಕೆಲವರಲ್ಲಿ ಅಲ್ಪವಾಗಿ ಏರಿದರೆ ಮತ್ತೆ ಕೆಲವರಲ್ಲಿ ಅಪಾಯದ ಗೆರೆಯನ್ನೇ ದಾಟುತ್ತದೆ. ಅದಲ್ಲದೆ ಅತಿ ಭಾರವನ್ನೆತ್ತುವ ಕ್ಷಣದಲ್ಲಿ ಆರೋಗ್ಯವಂತನ ಒತ್ತಡವೂ 300ನ್ನು ಮೀರಿದ ದಾಖಲೆಗಳಿವೆ. ಮೆದುವಾದ ನಾಳ ಅದನ್ನು ತಾಳಿಕೊಂಡೀತು, ಬಿಗಿದುಕೊಂಡ ನಾಳ ತಾಳೀತೆ? 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 140 ಮಂದಿ ಭಾರ ಎತ್ತುವವರ ಹೃದಯಗಳನ್ನು ಹೋಲಿಸಲಾಯಿತು. ಪ್ರತಿ ಬಡಿತಕ್ಕೆ ಹೃದಯವು ಹೊರದೂಡುವ ರಕ್ತದ ಪ್ರಮಾಣವು ಮದ್ದು ಮುಟ್ಟದವರಲ್ಲಿ ಸರಾಸರಿ ನೂರಕ್ಕೆ 63ರಷ್ಟಿದ್ದರೆ, ಮದ್ದು ಬಳಸಿದವರಲ್ಲಿ 52ಕ್ಕಿಳಿದಿತ್ತು. ಹೊರಗೆ ಸಿಂಹದಂತೆ ಕಾಣುವವನ ಎದೆಯೊಳಗಿನ ಸ್ಥಿತಿ ಇದು.

ಈಗ ನಮ್ಮ ಹೊರವಲಯದ ತರುಣನತ್ತ ತಿರುಗೋಣ. ಕ್ರೀಡಾಪಟುವಿಗೆ 2022ರ ಉದ್ದೀಪನ ಮದ್ದು ತಡೆ ಶಾಸನವಿದೆ, ಪರೀಕ್ಷಿಸುವ ಸಂಸ್ಥೆಯಿದೆ, ಶಿಕ್ಷೆಯ ಭಯವಿದೆ. ಹಾವೇರಿಯಿಂದಲೋ ಕಲಬುರಗಿಯಿಂದಲೋ ಬಂದು ಪೀಣ್ಯದ ಬಾಡಿಗೆ ಕೋಣೆಯಲ್ಲಿ ನಾಲ್ವರೊಡನೆ ಮಲಗುವ ಹುಡುಗನನ್ನು ಪರೀಕ್ಷಿಸುವವರಾರು? ಅವನು ಯಾವ ಪದಕಕ್ಕೂ ಸ್ಪರ್ಧಿಸುತ್ತಿಲ್ಲವಾದ್ದರಿಂದ ಅವನ ಎದೆಗೆ ಬೆಲೆಯಿಲ್ಲವೆ? ರಾತ್ರಿ ಪಾಳಿ, ನಿದ್ದೆಗೇಡು, ಉಪ್ಪು ತುಂಬಿದ ತಿಂಡಿ ಇವೇ ಒತ್ತಡವನ್ನೇರಿಸಲು ಸಾಲವೆಂಬಂತೆ ಮೇಲೊಂದು ಸೂಜಿ. ಏರಿದ ರಕ್ತದೊತ್ತಡವಾದರೋ ನೋಯುವುದಿಲ್ಲ, ಕೂಗುವುದಿಲ್ಲ. ಅಳೆದು ನೋಡಿದ ಹೊರತು ಅದು ಇದೆಯೆಂಬುದೇ ತಿಳಿಯುವುದಿಲ್ಲ.

ಆದುದರಿಂದ ಸಂಬಂಧಪಟ್ಟವರ ಮುಂದೆ ನಾವು ಮೂರು ಮಾತುಗಳನ್ನಿಡುತ್ತೇವೆ. ಮೊದಲನೆಯದು ಸರ್ಕಾರದವರಿಗೆ. ಇಂಥ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 1945ರ ಔಷಧ ನಿಯಮಗಳೇ ಹೇಳುತ್ತವೆ. ನಿಯಮ ಹೊಸದಾಗಿ ಬೇಕಿಲ್ಲ. ಇರುವುದನ್ನು ನಡೆಸುವ ಮನಸ್ಸು ಬೇಕು. ಔಷಧ ನಿಯಂತ್ರಣಾಧಿಕಾರಿಗಳು ಅಂಗಡಿಗಳ ಜೊತೆಗೆ ವ್ಯಾಯಾಮಶಾಲೆಗಳ ಕಪಾಟುಗಳನ್ನೂ ಒಮ್ಮೆ ತೆರೆಸಿ ನೋಡಲಿ. ಎರಡನೆಯದು ವ್ಯಾಯಾಮಶಾಲೆಗಳ ಒಡೆಯರಿಗೆ. ಲಕ್ಷಗಟ್ಟಲೆ ಬೆಲೆಯ ಯಂತ್ರಗಳನ್ನಿಟ್ಟವರಿಗೆ ಕೆಲವು ಸಾವಿರ ರೂಪಾಯಿಗಳ ರಕ್ತದೊತ್ತಡದ ಯಂತ್ರವೊಂದು ಭಾರವಲ್ಲ. ಸೇರುವಾಗಲೂ ಆಮೇಲೆ ತಿಂಗಳಿಗೊಮ್ಮೆಯೂ, ವ್ಯಾಯಾಮಕ್ಕೆ ಮೊದಲು, ಐದು ನಿಮಿಷ ಕುಳ್ಳಿರಿಸಿ ಅಳೆಯಲಿ. ದಪ್ಪ ತೋಳಿಗೆ ದೊಡ್ಡ ಪಟ್ಟಿಯನ್ನೇ ಕಟ್ಟಬೇಕು. ಚಿಕ್ಕ ಪಟ್ಟಿ ಅಳತೆಯನ್ನು ಸುಳ್ಳಾಗಿ ಏರಿಸಿ ತೋರಿಸುತ್ತದೆ. ಕುಳಿತು ಅಳೆದಾಗಲೂ 140ಕ್ಕೆ 90ನ್ನು ಮತ್ತೆ ಮತ್ತೆ ದಾಟಿದವನನ್ನು ವೈದ್ಯರಲ್ಲಿಗೆ ಕಳುಹಿಸಲಿ. ಮೂರನೆಯದು ಕಾರ್ಮಿಕ ವಿಮಾ ಆಸ್ಪತ್ರೆಗಳ ಮತ್ತು ಕಂಪನಿಗಳ ವೈದ್ಯರಿಗೆ. ಇಪ್ಪತ್ತೈದರ ಕಟ್ಟಾಳಿನಲ್ಲಿ ಒತ್ತಡ ಹೆಚ್ಚಿ ಕಂಡರೆ ಗದರಿಸದೆ, ಗುಟ್ಟು ಕಾಪಾಡುವ ಭರವಸೆಯಿತ್ತು, ಏನನ್ನು ತೆಗೆದುಕೊಳ್ಳುತ್ತಿದ್ದೀಯೆಂದು ಕೇಳಬೇಕು. ಕೇಳದಿದ್ದರೆ ಅವನು ತಾನಾಗಿ ಹೇಳಲಾರ.

ಅಳತೆ ಸರಿಯಾಗಿದ್ದರೆ ಮದ್ದಿಗೆ ಪರವಾನಗಿ ಕೊಟ್ಟಂತಾಗದೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಒತ್ತಡ ಸರಿಯಿದ್ದ ಮಾತ್ರಕ್ಕೆ ಹೃದಯವೂ ಯಕೃತ್ತೂ ಸುರಕ್ಷಿತವೆಂದು ಅರ್ಥವಲ್ಲ. ಆದರೆ ಕತ್ತಲೆಯಲ್ಲಿ ನಡೆಯುವವನಿಗೆ ಚಿಕ್ಕ ದೀಪವಾದರೂ ಬೇಡವೆನ್ನುವುದು ವಿವೇಕವೆನಿಸದು.

ಕೊನೆಯದಾಗಿ ತರುಣ ಮಿತ್ರರಿಗೆ ಒಂದು ಮಾತು. ಈ ಹಾದಿ ಹಿಡಿದವರು ನಾಚದೆ ಇಂದೇ ವೈದ್ಯರ ಬಳಿಗೆ ಹೋಗಿ ನಿಜವನ್ನು ಹೇಳಿರಿ. ಮದ್ದು ಬಿಟ್ಟರೆ ಏರಿದ ಒತ್ತಡ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಬಹುಕಾಲ ನೊಂದ ಹೃದಯ ಪೂರ್ತಿ ಮೊದಲಿನಂತಾಗುವುದೆಂಬ ಭರವಸೆಯಿಲ್ಲ. ಬಿಡುವುದನ್ನೂ ವೈದ್ಯರ ಕಣ್ಣಿನಲ್ಲಿಯೇ ಮಾಡಿರಿ. ಏಕೆಂದರೆ ಹೊರಗಿನ ರಸಕ್ಕೆ ಒಗ್ಗಿದ ದೇಹವು ತನ್ನ ರಸವನ್ನು ತಾನು ತಯಾರಿಸುವುದನ್ನು ಮರೆತಿರುತ್ತದೆ. ನಿಮ್ಮ ಸಂಬಳದ ದಾರಿ ಕಾಯುವ ತಾಯಿತಂದೆಗಳಿಗೆ ಬೇಕಾದುದು ನಿಮ್ಮ ತೋಳಿನ ಸುತ್ತಳತೆಯಲ್ಲ, ನಿಮ್ಮ ಆಯುಷ್ಯ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಈ ನಗರದ ಪಾಲಿಗೆ ನಿಜವಾಗದಿರಲಿ.