ಮೋಟಾರಿನ ಮಿದುಳೂ ಕಾಕತಾಲೀಯವೂ

ಈ ಪುಟದಲ್ಲಿ ಸಾಮಾನ್ಯವಾಗಿ ಪರರ ತಪ್ಪುಗಳನ್ನು ತಿದ್ದಲು ಹೊರಡುವ ನಾವು ಈ ತಿಂಗಳು ನಮ್ಮ ತಪ್ಪೊಂದನ್ನೇ ವಾಚಕರಲ್ಲಿ ನಿವೇದಿಸುವವರಿದ್ದೇವೆ. ಕಾಗೆ ಬಂದು ಕುಳಿತ ಕ್ಷಣದಲ್ಲಿಯೇ ತಾಳೆಯ ಹಣ್ಣು ಬಿದ್ದರೆ, ಕಾಗೆಯೇ ಅದನ್ನು ಕೆಡವಿತೆಂದು ಹೇಳುವುದು ಅವಿಚಾರ. ಇದಕ್ಕೆ ಕಾಕತಾಲೀಯ ನ್ಯಾಯವೆಂದು ಹೆಸರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇದನ್ನು ಮಕ್ಕಳಿಗೆ ಕರಿಹಲಗೆಯ ಮುಂದೆ ನಿಂತು ವಿವರಿಸಿದ ನಾವು, ನಿವೃತ್ತಿಯ ಕಾಲದಲ್ಲಿ ಅದೇ ಹಳ್ಳಕ್ಕೆ ಬಿದ್ದೆವು. ನಮ್ಮ ಕಥೆಯಲ್ಲಿ ಕಾಗೆಯಾದವನು ನಮ್ಮ ಬೀದಿಯ ಮೆಕ್ಯಾನಿಕ್ ಹುಡುಗ. ತಾಳೆಯ ಹಣ್ಣಾದದ್ದು ನಮ್ಮ ಕಾರು.

2023ನೆಯ ಇಸವಿ ಜುಲೈ ತಿಂಗಳ ಒಂದು ರಾತ್ರಿ. ತೀರ್ಥಹಳ್ಳಿಯ ನೆಂಟರಲ್ಲಿ ಊಟ ಮುಗಿಸಿ ನಾವೂ ನಮ್ಮ ಮನೆಯಾಕೆಯೂ ಶಿವಮೊಗ್ಗಕ್ಕೆ ಮರಳುತ್ತಿದ್ದೆವು. ಮಲೆನಾಡಿನ ಮಳೆಯನ್ನು ವರ್ಣಿಸಬೇಕಾದುದಿಲ್ಲ. ಮಂಡಗದ್ದೆ ಸಮೀಪಿಸುವಾಗ ವೈಪರು ಗಾಜಿನ ನಡುವೆ ಥಟ್ಟನೆ ನಿಂತಿತು. ತಿರುವಿನ ದೀಪಗಳು ತಾವಾಗಿಯೇ ಮಿನುಗತೊಡಗಿದವು. ಬಾಗಿಲುಗಳ ಬೀಗಗಳು ಯಾರೂ ಮುಟ್ಟದೆ ಟಕ್ ಟಕ್ ಎಂದು ಬೀಳುತ್ತಲೂ ತೆರೆಯುತ್ತಲೂ ಇದ್ದವು. ಒಂದು ಪಕ್ಕದಲ್ಲಿ ತುಂಬಿದ ತುಂಗೆ, ಇನ್ನೊಂದು ಪಕ್ಕದಲ್ಲಿ ಕಾಡು. ಎದುರಿಗೆ ಬರುವ ಲಾರಿಯ ಬೆಳಕು ಒದ್ದೆ ಗಾಜಿನ ಮೇಲೆ ಹರಡಿ ರಸ್ತೆಯೇ ಕಾಣದು. ಮುಂದಿನ ದೊಡ್ಡ ದೀಪಗಳೆರಡು ಉಳಿದಿದ್ದುದೇ ಪುಣ್ಯ. ಮುಚ್ಚಿದ ಅಂಗಡಿಯೊಂದರ ಮುಂದೆ ಕಾರನ್ನು ನಿಲ್ಲಿಸಿ, ಮಳೆ ಇಳಿಮುಖವಾಗುವ ತನಕ ಕುಳಿತಿದ್ದು, ಮನೆ ಸೇರುವಾಗ ನಡುರಾತ್ರಿ ಕಳೆದಿತ್ತು.

ಇದಕ್ಕೆ ನಾಲ್ಕು ದಿನ ಮುಂಚೆ ಆ ಹುಡುಗನು ನಮ್ಮ ಕಾರಿಗೆ ಹೊಸ ಬ್ಯಾಟರಿಯನ್ನು ಕೂಡಿಸಿದ್ದನು. ಇನ್ನು ವಿಚಾರವೇಕೆ? ಮಾರನೆಯ ಬೆಳಿಗ್ಗೆ ಅವನನ್ನು ಕರೆಸಿ, ನೆರೆಹೊರೆಯವರು ಕೇಳುವಂತೆ, “ನಿನ್ನ ಕೈ ತಗುಲಿದ್ದರಿಂದಲೇ ಕಾರು ಕೆಟ್ಟಿತು. ನಿನ್ನ ಕೂಲಿ ಕೊಡುವುದಿಲ್ಲ, ಹೋಗು” ಎಂದುಬಿಟ್ಟೆವು. “ಬ್ಯಾಟರಿ ಸರಿಯಾಗಿದೆ ಸಾರ್, ಬೇಕಾದ್ರೆ ಅಳೆದು ತೋರಿಸ್ತೀನಿ” ಎಂದು ಅವನು ಅಂಗಲಾಚಿದರೂ ನಾವು ಕಿವಿಗೊಡಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಹೊರಟುಹೋದನು.

ಕಾರು ದೊಡ್ಡ ಕಾರ್ಖಾನೆಯೊಂದಕ್ಕೆ ಹೋಯಿತು. ಅಲ್ಲಿಯವರು ಸ್ಟಿಯರಿಂಗಿನ ಕೆಳಗಿರುವ ಹದಿನಾರು ಕಡ್ಡಿಗಳ ಕಂಡಿಗೆ ಒಂದು ಯಂತ್ರವನ್ನು ಸಿಕ್ಕಿಸಿ, “ಬಿ.ಸಿ.ಎಂ. ಹೋಗಿದೆ, ಬದಲಾಯಿಸಬೇಕು” ಎಂದರು. ಬಿ.ಸಿ.ಎಂ. ಎಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಹಿಂದಿನ ಮೋಟಾರುಗಳಲ್ಲಿ ದೀಪಕ್ಕೊಂದು ತಂತಿ, ಹಾರನ್ನಿಗೊಂದು ತಂತಿ, ಪ್ರತಿಯೊಂದಕ್ಕೂ ಅದರದರ ಗುಂಡಿ. ತಂತಿಗಳು ಹೆಚ್ಚುತ್ತ ಹೋದುದರಿಂದ, ಯಂತ್ರಭಾಗಗಳು ಎರಡೇ ತಂತಿಗಳ ಮೇಲೆ ಒಂದರೊಡನೊಂದು ಮಾತನಾಡುವ ‘ಕ್ಯಾನ್’ ಎಂಬ ಪದ್ಧತಿಯನ್ನು ಜರ್ಮನಿಯ ಬಾಷ್ ಸಂಸ್ಥೆಯವರು ನಿರ್ಮಿಸಿ, 1986ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಪ್ರಕಟಿಸಿದರು. ಈಗ ನಾವು ವೈಪರಿನ ಕಡ್ಡಿಯನ್ನು ತಿರುಗಿಸಿದರೆ ಅದು ಅಪ್ಪಣೆಯಲ್ಲ, ಬರಿಯ ಅರ್ಜಿ. ಆ ಅರ್ಜಿಯನ್ನು ನೋಡಿ ವಿದ್ಯುತ್ತನ್ನು ಮಂಜೂರು ಮಾಡುವ ಗುಮಾಸ್ತನೇ ಈ ಬಿ.ಸಿ.ಎಂ. ದೀಪ, ವೈಪರು, ಬಾಗಿಲ ಬೀಗ, ಕಿಟಕಿಯ ಗಾಜು ಇವೆಲ್ಲವೂ ಬಹುಮಟ್ಟಿಗೆ ಅವನ ವಶ. ಅನೇಕ ಕಾರುಗಳಲ್ಲಿ ಕಳ್ಳರ ಕೀಲಿಯನ್ನು ತಡೆಯುವ ಕಾವಲೂ ಅವನದೇ.

ನಾವು ಒಪ್ಪಿದೆವು. ಹೊಸ ಮಾಡ್ಯೂಲು ಬಂದಿತು. ನಮ್ಮ ಒಂದು ತಿಂಗಳ ಪಿಂಚಣಿಯಲ್ಲಿ ಅರ್ಧಕ್ಕೂ ಮಿಕ್ಕಿ ಹೋಯಿತು. ಕಾರು ಸರಿಯಾಯಿತು. ಹುಡುಗನು ಬೀದಿಯಲ್ಲಿ ಎದುರಾದರೆ ನಾವು ಬೇರೆ ಕಡೆ ನೋಡುತ್ತಿದ್ದೆವು.

ಹೀಗೆ ಹನ್ನೊಂದು ತಿಂಗಳು ಕಳೆದವು. 2024ರ ಜೂನ್ ತಿಂಗಳಲ್ಲಿ ಮುಂಗಾರು ಹಿಡಿದ ಮೂರನೆಯ ದಿನ, ಮನೆಯ ಮುಂದೆ ನಿಂತಿದ್ದ ಹಾಗೆಯೇ ಕಾರು ಮತ್ತೆ ಬೀಗಗಳನ್ನು ಕುಟ್ಟಲಾರಂಭಿಸಿತು. ನೀರು ಹೊಕ್ಕಂತಿದೆಯಾದುದರಿಂದ ಭರವಸೆಯ ಕರಾರು ಸಲ್ಲದೆಂದೂ, ಇನ್ನೊಂದು ಮಾಡ್ಯೂಲನ್ನು ಹಾಕಿಸಬೇಕೆಂದೂ ಕಾರ್ಖಾನೆಯವರು ತಿಳಿಸಿದರು. ನಾವು ತಲೆಯ ಮೇಲೆ ಕೈ ಹೊತ್ತು ಕುಳಿತಾಗ ನಮ್ಮ ಮನೆಯಾಕೆ, “ಅಲ್ಲಾಂದ್ರೆ, ಬಿಸಿಲಿದ್ದಾಗ ಇದು ಒಂದು ದಿನವೂ ಕೆಡಲಿಲ್ಲವಲ್ಲ? ಎರಡು ಸಲವೂ ಮಳೆಯಲ್ಲೇ ಆಯಿತಲ್ಲ?” ಎಂದಳು.

ವಾಚಕರೇ, ಯಾವುದಿದ್ದರೆ ಕಾರ್ಯವು ಉಂಟೋ, ಯಾವುದಿಲ್ಲದಿದ್ದರೆ ಕಾರ್ಯವು ಇಲ್ಲವೋ, ಅದನ್ನು ಕಾರಣವೆಂದು ಶಂಕಿಸಬೇಕೆಂಬುದು ಅನ್ವಯವ್ಯತಿರೇಕ. ಅದನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಆಕೆ ಒಗೆದ ಬಟ್ಟೆ ಮಡಿಸುತ್ತ ಹೇಳಿದಳು. ನಾವು ಕೊಡೆ ಹಿಡಿದು ಹುಡುಗನ ಗ್ಯಾರೇಜಿಗೆ ನಡೆದೆವು. ಅವನು ಏನನ್ನೂ ಆಡದೆ ಮಲ್ಟಿಮೀಟರನ್ನು ಕೈಗೆತ್ತಿಕೊಂಡು ಬಂದನು.

ಅವನು ಪರೀಕ್ಷಿಸಿದ ಕ್ರಮವು ನ್ಯಾಯಸ್ಥಾನದ ವಿಚಾರಣೆಯಂತಿತ್ತು. ಮೊದಲು ಬ್ಯಾಟರಿ: ಎಂಜಿನ್ ನಿಂತಿರುವಾಗ 12.6 ವೋಲ್ಟು, ನಡೆಯುವಾಗ 14ರ ಆಸುಪಾಸು. ಬ್ಯಾಟರಿ ನಿರ್ದೋಷಿ, ಅದನ್ನು ಕೂಡಿಸಿದವನೂ ನಿರ್ದೋಷಿ. ಈ ಅಳತೆಯನ್ನೇ ಅವನು ಹಿಂದಿನ ವರ್ಷ ತೋರಿಸುತ್ತೇನೆಂದದ್ದು. ಅನಂತರ ಫ್ಯೂಸುಗಳು; ಎಲ್ಲವೂ ಸರಿ. ಆಮೇಲೆ ಬ್ಯಾಟರಿಯ ತಂತಿಯನ್ನು ಕಳಚಿ, ಆ ಎರಡು ಮಾತಿನ ತಂತಿಗಳ ನಡುವೆ ಅಳೆದನು. ಆ ಜೋಡಿಯ ಎರಡು ತುದಿಗಳಲ್ಲಿ 120 ಓಮುಗಳ ಒಂದೊಂದು ತಡೆ ಇರುವುದರಿಂದ ಅಳತೆಯಲ್ಲಿ 60 ಬರಬೇಕು, ಬಂದಿತು. ತಂತಿಯನ್ನು ಮರಳಿ ಕೂಡಿಸಿ, ದೀಪಗಳನ್ನು ಹಚ್ಚಿ, ಮಾಡ್ಯೂಲಿನ ಅರ್ಥ್ ತಂತಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಅಳೆದನು. ಅಲ್ಲಿ ವೋಲ್ಟಿನ ಹತ್ತರಲ್ಲೊಂದೆರಡು ಭಾಗಕ್ಕಿಂತ ಹೆಚ್ಚಿರಬಾರದು. ಒಂದೂವರೆ ವೋಲ್ಟಿಗೂ ಮಿಕ್ಕಿ ತೋರಿತು. ಮಾಡ್ಯೂಲನ್ನು ಕಳಚಿ ನೋಡಿದರೆ ಪ್ಲಗ್ಗಿನ ಕಡ್ಡಿಗಳಿಗೂ ಒಳಹಲಗೆಗೂ ಹಸುರು ಕಿಲುಬು ಹಿಡಿದಿತ್ತು.

“ಇದು ಸತ್ತಿದೆ ಸಾರ್. ಆದ್ರೆ ಕೊಂದದ್ದು ಯಾರು ಅಂತ ನೋಡದೆ ಇನ್ನೊಂದು ಹಾಕಿದ್ರೆ ಅದೂ ಸಾಯುತ್ತೆ” ಎಂದು, ಒಂದು ತಂಬಿಗೆ ನೀರನ್ನು ತರಿಸಿ, ಮುಂದಿನ ಗಾಜಿನ ಬುಡದಲ್ಲಿರುವ ಜಾಲರಿಯ ಮೇಲೆ ಸುರಿದನು. ಅದು ಚಕ್ರದ ಕಡೆಗೆ ಇಳಿದು ಹೋಗಬೇಕಾಗಿತ್ತು. ಹೋಗದೆ, ತಂತಿಯ ಗೊಂಚಲು ಒಳಗೆ ನುಗ್ಗುವ ತೂತಿನ ಸಡಿಲವಾದ ರಬ್ಬರಿನ ಪಕ್ಕದಿಂದ, ಮಾಡ್ಯೂಲಿದ್ದ ಸ್ಥಳಕ್ಕೇ ತೊಟ್ಟಿಕ್ಕಿತು. ಜಾಲರಿಯನ್ನು ಎತ್ತಿದಾಗ ಕೆಳಗಿನ ಕಂಡಿಯಲ್ಲಿ ಕೊಳೆತ ಸಂಪಿಗೆಯ ಎಲೆಗಳು ಹಿಡಿಯಷ್ಟು. ಸಂಪಿಗೆಯ ಮರ ನಮ್ಮ ಅಂಗಳದ್ದು. ನೆರಳಿಗೆಂದು ಏಳು ವರ್ಷ ಅದರ ಕೆಳಗೆ ಕಾರನ್ನು ನಿಲ್ಲಿಸಿದವರು ನಾವು. ಕಾಲಡಿಯ ಹಾಸು ಮುಗ್ಗಲು ವಾಸನೆ ಬೀರುತ್ತಿದ್ದುದನ್ನು ಕಂಡು, ಅದು ಒದ್ದೆ ಕೊಡೆಯದೆಂದು ಸುಮ್ಮನಿದ್ದವರೂ ನಾವೇ.

ಕಂಡಿಯನ್ನು ತೊಳೆದು, ರಬ್ಬರನ್ನು ಬದಲಿಸಿ, ಅರ್ಥ್ ಕೂಡಿಸುವ ಜಾಗವನ್ನು ಉಜ್ಜಿ, ಕಿಲುಬು ತಿಂದ ಪ್ಲಗ್ಗಿನ ಕಡ್ಡಿಗಳಿಗೆ ಹೊಸವನ್ನು ಹಾಕಿ, ಮತ್ತೆ ನೀರು ಸುರಿದು ಹನಿಯೂ ಒಳಗೆ ಬಾರದೆಂಬುದನ್ನು ಕಂಡ ಮೇಲೆಯೇ ಅವನು ಹೊಸ ಮಾಡ್ಯೂಲಿನ ಮಾತೆತ್ತಿದನು. ಗುಜರಿಯಲ್ಲಿ ಅಗ್ಗಕ್ಕೆ ದೊರೆಯದೇ ಎಂದು ಕೇಳಿದೆವು. ಹಳೆಯದು ತನ್ನ ಹಿಂದಿನ ಕಾರಿನ ಗುರುತನ್ನೂ ಕೀಲಿಯನ್ನೂ ನೆನಪಿನಲ್ಲಿಟ್ಟುಕೊಂಡಿರುವುದರಿಂದ, ಅನೇಕ ಕಾರುಗಳು ಅದನ್ನು ತಮ್ಮದೆಂದು ಒಪ್ಪುವುದಿಲ್ಲವಂತೆ. ಹೊಸದಾದರೂ ಹಳೆಯದರ ಮೇಲಿನ ಭಾಗಸಂಖ್ಯೆಗೆ ಒಪ್ಪುವಂತಿರಬೇಕು. ಕಳಚುವ ಮುನ್ನ ಪ್ಲಗ್ಗುಗಳ ಚಿತ್ರವನ್ನು ತೆಗೆದುಕೊಂಡಿರಬೇಕು. ಬ್ಯಾಟರಿಯ ಋಣ ತಂತಿಯನ್ನು ಬಿಡಿಸಿ ಕೆಲವು ನಿಮಿಷ ಕಾದಿರಬೇಕು. ಕೂಡಿಸಿದ ಮೇಲೆ ಕಾರಿನ ಗುರುತಿನ ಸಂಖ್ಯೆಯನ್ನೂ, ಅದರಲ್ಲಿ ಏನೇನು ಸಲಕರಣೆಗಳಿವೆ ಎಂಬುದನ್ನೂ ಯಂತ್ರದ ಮೂಲಕ ಅದಕ್ಕೆ ಕಲಿಸಬೇಕು. ಕೀಲಿಗಳನ್ನೂ ಅದಕ್ಕೆ ಪರಿಚಯಿಸಬೇಕಾದರೆ ಮನೆಯಲ್ಲಿರುವ ಎಲ್ಲ ಕೀಲಿಗಳನ್ನೂ ಒಯ್ಯಬೇಕು. ಈ ಪಾಠ ನಡೆಯುವಾಗ ಬ್ಯಾಟರಿ ಕುಗ್ಗಿದರೆ ವಿದ್ಯೆ ಅರ್ಧಕ್ಕೆ ನಿಂತು ಮಾಡ್ಯೂಲೇ ಕೆಡಬಹುದಾದುದರಿಂದ, ಹೊರಗಿನಿಂದ ಚಾರ್ಜರನ್ನು ಕೂಡಿಸಿರುವರು. ಇದೆಲ್ಲವನ್ನೂ ಅವನು ನಮ್ಮ ಜೊತೆಯಲ್ಲಿಯೇ ನಿಂತು ಮಾಡಿಸಿ, ಕೊನೆಯಲ್ಲಿ ಪ್ರತಿಯೊಂದು ದೀಪ, ಗಾಜು, ಬೀಗಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಮುಂದಿನ ಮಳೆಗಾಲವನ್ನೂ ಕಾರು ಸುಖವಾಗಿ ದಾಟಿತು.

ಯಂತ್ರವು ತೋರಿಸುವ ದೋಷಸಂಕೇತದ ವಿಷಯದಲ್ಲಿ ಗೃಹಸ್ಥರಿಗೆ ಒಂದು ಮಾತು. ಅದು ತೀರ್ಪಲ್ಲ, ಹಾಜರಿ ಪುಸ್ತಕ. ಇಂಥ ವಿದ್ಯಾರ್ಥಿ ಬಂದಿಲ್ಲವೆಂದು ಅದು ಹೇಳುವುದು. ಜ್ವರವೋ, ಹಳ್ಳ ತುಂಬಿ ದಾರಿ ಮುಚ್ಚಿತೋ ಎಂಬುದನ್ನು ಮನೆಗೆ ಹೋಗಿ ವಿಚಾರಿಸಬೇಕು. ಮಾಡ್ಯೂಲನ್ನು ಬದಲಾಯಿಸಬೇಕೆಂದು ಯಾರಾದರೂ ಹೇಳಿದರೆ, ಅದಕ್ಕೆ ಬರುವ ವಿದ್ಯುತ್ತನ್ನೂ ಅರ್ಥನ್ನೂ ಅಳೆದಿರಾ, ನೀರಿನ ಕುರುಹನ್ನು ನೋಡಿದಿರಾ, ಇದು ಏಕೆ ಕೆಟ್ಟಿತು ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ. ಮಳೆಗಾಲಕ್ಕೆ ಮುನ್ನ ಗಾಜಿನ ಬುಡದ ಎಲೆಗಳನ್ನು ತೆಗೆಸಿರಿ, ಅದಕ್ಕೆ ಖರ್ಚಿಲ್ಲ.

ಹುಡುಗನಿಗೆ ಆ ದಿನದ ಕೂಲಿಯೊಡನೆ ಹಿಂದಿನ ವರ್ಷದ್ದನ್ನೂ, ಅದರ ಮೇಲೆ ಸ್ವಲ್ಪವನ್ನೂ ಕೊಡಹೋದೆವು. ಅವನು ಎಣಿಸಿ, ಹೆಚ್ಚಿನದನ್ನು ಹಿಂದಕ್ಕೆ ಕೊಟ್ಟು, “ದುಡ್ಡು ಹೋಗ್ಲಿ ಬಿಡಿ ಸಾರ್. ಆವತ್ತು ಬೀದೀಲಿ ಅಂದ್ರಲ್ಲ, ಅದೇ ಬೇಜಾರಾಗಿತ್ತು” ಎಂದನು. ಬೀದಿಯಲ್ಲಿ ಆಡಿದ ಮಾತನ್ನು ಬೀದಿಯಲ್ಲಿಯೇ ಹಿಂದೆಗೆದುಕೊಳ್ಳಬೇಕಲ್ಲವೆ? ಆ ಸಂಜೆ ನಾವು ಅದೇ ನೆರೆಯವರನ್ನು ಜಗಲಿಗೆ ಕರೆದು, ತಪ್ಪು ನಮ್ಮದೆಂದು ಅವನ ಎದುರಿನಲ್ಲಿಯೇ ಹೇಳಿದೆವು. ಹೇಳುವಾಗ ನಾಲಿಗೆ ತೊದಲಿತು. ಅವನು ಕೊಟ್ಟ ಕಾಫಿಯನ್ನು ಕುಡಿದು, ಸಂಪಿಗೆಯ ಮರದ ಕೆಳಗಿನಿಂದ ಕಾರನ್ನು ತಾನೇ ಈಚೆಗೆ ತಂದು ನಿಲ್ಲಿಸಿ ಹೋದನು.