ಅರ್ಜಿ ತಯಾರದ, ನಾಳಿ ಕೊಡೂಣು

1966ರಲ್ಲಿ ಎರಡು ಸಂಗತಿ ನಡೆದವು. ಅಮೆರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 'ಎಲಿಝಾ' ಎಂಬ ಮಾತಾಡುವ ಪ್ರೋಗ್ರಾಮಿನ ವಿವರ ಪ್ರಕಟಿಸಿದರು. ನೀವು ಹೇಳಿದ್ದನ್ನೇ ತಿರುಗಿಸಿ ನಿಮಗೇ ಪ್ರಶ್ನೆ ಹಾಕುವುದು ಅದರ ವಿದ್ಯೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕರ್ನಾಟಕ-ಮಹಾರಾಷ್ಟ್ರ ಗಡಿ ತಂಟೆಗೆ ಮಹಾಜನ ಆಯೋಗ ನೇಮಿಸಿತು. ಎಲಿಝಾಳ ಮೊಮ್ಮಕ್ಕಳು ಇವತ್ತು ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ನಮ್ಮ ಸಂಖದ ಹುಡುಗರ ಕಿಸೆಯಲ್ಲಿದ್ದಾರೆ. 1967ರಲ್ಲಿ ಬಂದ ಆಯೋಗದ ವರದಿ ಮಾತ್ರ ಕಪಾಟು ಬಿಟ್ಟು ಇಳಿದಿಲ್ಲ.

ಕಾಕತಾಳೀಯ ಅಲ್ಲಿಗೇ ಮುಗಿಯಲಿಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು, ಕರ್ನಾಟಕಕ್ಕೆ ಸೇರುತ್ತೇವೆಂಬ ಜತ್ತ ತಾಲ್ಲೂಕಿನ ಪಂಚಾಯಿತಿಗಳ ಹಳೆಯ ಠರಾವು ನೆನಪಿಸಿ, ನೀರಿಲ್ಲದ ಈ ಸೀಮೆಯ ಹೆಸರನ್ನು ಟಿವಿಗೆ ಏರಿಸಿದರು. ಕೂಡಲೇ ಮುಂಬಯಿಯ ಸರ್ಕಾರಕ್ಕೂ ಇಲ್ಲಿಗೆ ನೀರು ತರಬೇಕಾದ ಮ್ಹೈಸಾಳ ನೀರಾವರಿ ಯೋಜನೆಯ ನೆನಪಾಯಿತು. ಅದೇ ತಿಂಗಳು 30ಕ್ಕೆ ಚಾಟ್‌ಜಿಪಿಟಿ ಹೊರಬಂತು.

ಇನ್ನು ನಮ್ಮ ಮಂದಿಯ ಮಾತು. ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಮಾಸ್ತರರನ್ನು ಹಾಕಿದ ತಕರಾರು 2024ರಲ್ಲಿ ಪತ್ರಿಕೆಗೂ ಬಂತು. ಅರ್ಜಿ ಕೊಡಬೇಕು ಅಂತ ಊರ ಕಟ್ಟೆಯ ಮೇಲೆ ಮಾತಾಗುತ್ತದೆ. ಮುಂಚೆ ಒಂದು ಗಟ್ಟಿ ನೆಪವಿತ್ತು: "ಕಚೇರಿ ಮರಾಠಿ ಬರಿಯಾಕ ಯಾರಿಗೆ ಬರ್ತೈತಿ?" ಈಗ ಮೊಬೈಲಿಗೆ ಕನ್ನಡದಲ್ಲಿ ಹೇಳಿದರೆ ಚಹಾ ಆರುವುದರೊಳಗೆ ಮರಾಠಿ ಅರ್ಜಿ ಸಿದ್ಧ. ನೆಪ ಸತ್ತಿತು ಅಂದುಕೊಂಡಿರಾ? ಒಬ್ಬ ಅಂತಾನೆ, "ಇನ್ನಾ ಸ್ವಲ್ಪ ಖಡಕ್ ಆಗ್ಲಿ." ಇನ್ನೊಬ್ಬ, "ಸಾಹೇಬ್ರಿಗೆ ಸಿಟ್ಟು ಬರಬಾರ್ದು, ಮೆತ್ತಗ ಮಾಡು." ಮೂರನೆಯವನಿಗೆ ಇಂಗ್ಲಿಷಿನದೊಂದು ಪ್ರತಿ ಬೇಕು. ಸಂಜೆಗೆ ಅರ್ಜಿಗಳು ನಾಲ್ಕಾಗಿರುತ್ತವೆ, ಕೊಟ್ಟದ್ದು ಒಂದೂ ಇರುವುದಿಲ್ಲ.

ಕಚೇರಿ ಹೊರಗೆ ಕೂತು ಅರ್ಜಿ ಬರೆದುಕೊಡುತ್ತಿದ್ದವನು ಇದಕ್ಕಿಂತ ವಾಸಿ. ಎರಡು ಸಲ ತಿದ್ದಿಸಿದರೆ ಮೂರನೇ ಸಲ, "ಏನ್ರೀ, ಮದುವಿ ಪತ್ರಿಕಿ ಮಾಡ್ಸಾಕ್ ಬಂದೀರೇನು? ಸಹಿ ಹಾಕ್ರಿ!" ಎಂದು ಗದರುತ್ತಿದ್ದ. ಯಂತ್ರಕ್ಕೆ ಬೇಸರವೇ ಇಲ್ಲ. ಪ್ರತಿ ಉತ್ತರದ ಕೊನೆಗೂ, ಬೇಕಿದ್ದರೆ ಇನ್ನೊಂದು ಬಗೆಯಲ್ಲಿ ಬರೆದುಕೊಡಲೇ ಎಂದು ಕೇಳುತ್ತದೆ. ಮೈಗಳ್ಳನಿಗೆ ಇಷ್ಟು ತಾಳ್ಮೆಯ ಗೆಳೆಯ ಸಿಗಬಾರದಿತ್ತು.

ಮುಂದೂಡುವಿಕೆಗೆ ಕಾರಣ ವೇಳೆಯ ಕೊರತೆಯಲ್ಲ, ಕಹಿ ಅನಿಸುವ ಭಾವನೆಯಿಂದ ಸದ್ಯಕ್ಕೆ ಪಾರಾಗುವ ಹಂಚಿಕೆ ಎಂದು ಮನಶ್ಶಾಸ್ತ್ರಜ್ಞರಾದ ಸಿರೋಯ್ ಮತ್ತು ಪಿಚಿಲ್ 2013ರಲ್ಲಿ ವಾದಿಸಿದರು. ನಮ್ಮಲ್ಲಿ ಕಹಿ ಇರುವುದು ಬರೆಯುವುದರಲ್ಲಿ ಅಲ್ಲ. ಕಿಟಕಿಯ ಮುಂದೆ ನಿಂತು "ಮುಂದಿನ ವಾರ ಬರ್ರಿ" ಅನ್ನಿಸಿಕೊಳ್ಳುವುದರಲ್ಲಿ. ಅಲ್ಲಿ ನಮ್ಮ ಬದಲು ನಿಲ್ಲುವ ಆ್ಯಪ್ ಇನ್ನೂ ಬಂದಿಲ್ಲ.

(ಸ್ಟ್ಯಾನ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಜಾನ್ ಪೆರ್ರಿ, ದೊಡ್ಡ ಕೆಲಸದಿಂದ ತಪ್ಪಿಸಿಕೊಳ್ಳಲು ಸಣ್ಣ ಕೆಲಸಗಳನ್ನು ಮಾಡಿ ಮುಗಿಸುವ ಜಾಣತನದ ಬಗ್ಗೆ 1996ರಲ್ಲಿ ಬರೆದರು. ಅದಕ್ಕೆ ವಿನೋದದ ಇಗ್ನೊಬೆಲ್ ಪ್ರಶಸ್ತಿ ಬಂದದ್ದು 2011ರಲ್ಲಿ. ಕೊಡುವವರೂ ಅದೇ ಪಂಥದವರಿರಬೇಕು.)

ಸರ್ಕಾರಗಳಿಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ಗಡಿಯ ಬಗ್ಗೆ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿ ತನ್ನ ಪಾಡಿಗೆ ತಾನಿದೆ. ಸಂಖದ ಗೆಳೆಯರಿಗಷ್ಟೇ ಒಂದು ಮಾತು: ಮೊಬೈಲಿನಲ್ಲಿರುವ ನಾಲ್ಕರಲ್ಲಿ ಯಾವುದಾದರೂ ಒಂದನ್ನು ಇವತ್ತೇ ಪ್ರಿಂಟ್ ತೆಗೆಸಿ, ಸಹಿ ಹಾಕಿ ಕೊಟ್ಟು ಬರ್ರಿ. ಅರ್ಜಿ ಮುಟ್ಟಿದ್ದಕ್ಕ ಪೋಚ ತಗೊಳ್ಳೂದು ಮರೀಬ್ಯಾಡ್ರಿ.