ಇಪ್ಪತ್ತೈದು ಕ್ವಿಂಟಲ್ ತೊಗರಿಯ ಪಿಸ್ತೂಲು

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರು ಪಿಸ್ತೂಲಿನಿಂದ ಎರಡು ಕಂಚಿನ ಪದಕಗಳನ್ನು ಗೆದ್ದ ಮೇಲೆ ನಮ್ಮ ಸಂತಪುರದಂಥ ಊರಿನಲ್ಲಿಯೂ ಒಂದು ಹೊಸ ಆಸೆ ಹುಟ್ಟಿಕೊಂಡಿದೆ. ಎನ್.ಸಿ.ಸಿ. ಶಿಬಿರದಲ್ಲಿ ನಾಲ್ಕು ಗುಂಡು ಸರಿಯಾಗಿ ಹೊಡೆದ ಮಿತ್ರರೆಲ್ಲ ‘ನನ್ನ ಹತ್ತಿರ ಒಂದು ಒಳ್ಳೆಯ ಪಿಸ್ತೂಲು ಇದ್ದಿದ್ದರೆ!’ ಎಂದು ನಿಟ್ಟುಸಿರು ಬಿಡುತ್ತಾರೆ. ನಿಟ್ಟುಸಿರಿಗೆ ಖರ್ಚಿಲ್ಲ. ಆದರೆ ನಿಜವಾಗಿಯೂ ಕೈ ಚೆನ್ನಾಗಿರುವ ನಮ್ಮ ಕಾಲೇಜಿನ ಸೋದರಿಯೊಬ್ಬಳ ಮನೆಯಲ್ಲಿ ಮಾತು ದೇವಣಿ ಎತ್ತುಗಳನ್ನು ಮಾರುವವರೆಗೂ ಬಂದಿದೆ. ಆದುದರಿಂದ ಈ ವಿಷಯವನ್ನು ಬಹಿರಂಗವಾಗಿ ಚರ್ಚಿಸುವುದು ಅವಶ್ಯವೆಂದು ನನಗೆ ತೋರುತ್ತದೆ.

ಸ್ಪರ್ಧೆಗೆ ತಕ್ಕ ವಿದೇಶೀ ಏರ್ ಪಿಸ್ತೂಲಿನ ಬೆಲೆ ಎರಡು ಲಕ್ಷ ರೂಪಾಯಿಯ ಆಚೀಚೆ. 2025-26ನೆಯ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಎಂದರೆ ಇಪ್ಪತ್ತೈದು ಕ್ವಿಂಟಲ್ ತೊಗರಿ. ನಮ್ಮ ಮೂರೆಕರೆ ಹೊಲದಲ್ಲಿ ಅಷ್ಟನ್ನು ಕಾಣಬೇಕಾದರೆ ಎರಡು ವರ್ಷ ಮಳೆರಾಯ ನಮ್ಮ ಮಾತು ಕೇಳಬೇಕು, ಆ ಎರಡು ವರ್ಷವೂ ಮನೆಯವರು ಬೇಳೆಯ ಆಸೆಯನ್ನು ಬಿಡಬೇಕು! ಈ ಲೆಕ್ಕ ಒಪ್ಪಿಸಿದಾಗ ನಮ್ಮ ಅಪ್ಪ ಕೇಳಿದ್ದು ಒಂದೇ ಮಾತು: “ಅಷ್ಟು ರೊಕ್ಕಕ್ಕ ಅದು ಏನ್ ಹೊಡಿತದ?” ಕಾಗದ ಎಂದೆ. ಅವರು ಮತ್ತೇನೂ ಕೇಳಲಿಲ್ಲ.

ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಹತ್ತು ಮೀಟರ್ ದೂರದ ಆ ಕಾಗದದ ಮೇಲೆ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಎರಡು ತೊಗರಿಕಾಳುಗಳನ್ನು ಪಕ್ಕಪಕ್ಕದಲ್ಲಿಟ್ಟಷ್ಟು. ಎಪ್ಪತ್ತೈದು ನಿಮಿಷಗಳಲ್ಲಿ ಅರವತ್ತು ಸಲ, ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು. ಕೆಲವು ಸಾವಿರ ರೂಪಾಯಿಗೆ ಸಿಗುವ ಸ್ಪ್ರಿಂಗ್ ಪಿಸ್ತೂಲಿನಲ್ಲಿ ಗುಂಡು ನಳಿಗೆಯಿಂದ ಹೊರಬೀಳುವ ಮೊದಲೇ ಸ್ಪ್ರಿಂಗು ನೆಗೆದು ಕೈಯನ್ನು ಅಲುಗಿಸುತ್ತದೆ. ಬೆಲೆಯ ಪಿಸ್ತೂಲಿನಲ್ಲಿ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯೇ ಗುಂಡನ್ನು ತಳ್ಳುವುದರಿಂದ ಆ ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ. ಟ್ರಿಗರು ನಿಯಮದಂತೆ ಕನಿಷ್ಠ 500 ಗ್ರಾಂ ಒತ್ತಡಕ್ಕೆ, ಮೊದಲನೆಯ ಸಲ ಹೇಗೋ ಅರವತ್ತನೆಯ ಸಲವೂ ಹಾಗೆಯೇ, ಬಿಡುತ್ತದೆ. ಎಂದರೆ ಗುರಿ ತಪ್ಪಿದಾಗ ತಪ್ಪು ಕೈಯದೋ ಯಂತ್ರದ್ದೋ ಎಂಬ ಸಂದೇಹ ಉಳಿಯುವುದಿಲ್ಲ. ಎರಡು ಲಕ್ಷಕ್ಕೆ ನಾವು ಕೊಳ್ಳುವುದು ಇಷ್ಟನ್ನೇ. ಇದು ಅಲ್ಪವಲ್ಲ, ಕಲಿಯುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಒಂದು ಕಿಲೋ ತೂಕದ ಕಲ್ಲನ್ನು ತೋಳು ಚಾಚಿ ಅರ್ಧ ನಿಮಿಷ ಹಿಡಿಯಲಾರದವನಿಗೆ ಈ ಉಪಕಾರ ತಿಳಿಯುವುದಾದರೂ ಹೇಗೆ?

ಪ್ಯಾರಿಸಿನಲ್ಲಿ ತುರ್ಕಿಯ ಯೂಸುಫ್ ಡಿಕೆಚ್ ಎಂಬವರು ಸಾಧಾರಣ ಕನ್ನಡಕ ಹಾಕಿಕೊಂಡು, ಒಂದು ಕೈ ಜೇಬಿನಲ್ಲಿಟ್ಟು, ಬೆಳ್ಳಿ ಗೆದ್ದರು. ‘ನೋಡಿ, ಸಲಕರಣೆಯೇ ಬೇಡ’ ಎಂದು ನಮ್ಮ ಮಿತ್ರರು ವಾದಿಸುತ್ತಾರೆ. ಅವರು 2008ರಿಂದ ಒಲಿಂಪಿಕ್ಸಿನಲ್ಲಿ ಭಾಗವಹಿಸುತ್ತ ಬಂದವರು ಎಂಬುದನ್ನು ಮರೆಯುತ್ತಾರೆ, ಕೈಯಲ್ಲಿದ್ದದ್ದು ಜಾತ್ರೆಯ ಬೆಂಡು-ಬತ್ತಾಸಿನ ಅಂಗಡಿಯ ಪಿಸ್ತೂಲಲ್ಲ ಎಂಬುದನ್ನೂ ಮರೆಯುತ್ತಾರೆ.

ಇನ್ನು ನಷ್ಟದ ಮಾತು. 2021ರಲ್ಲಿ ಟೋಕಿಯೋದಲ್ಲಿ ಇದೇ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೆಟ್ಟು, ದುರಸ್ತಿಯಲ್ಲಿ ಸಮಯ ಹೋಗಿ, ಅವರು ಸ್ವಲ್ಪದರಲ್ಲಿ ಅಂತಿಮ ಸುತ್ತನ್ನು ಕಳೆದುಕೊಂಡರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರನ್ನು ನೋಡಿ. 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾದರೂ ಎದೆಗುಂದದೆ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. ಆದರೆ 2016ರ ರಿಯೋ ಕ್ರೀಡೆಗಳಾದ ಮೇಲೆ 50 ಮೀಟರ್ ಪಿಸ್ತೂಲಿನ ಸ್ಪರ್ಧೆಯನ್ನೇ ಒಲಿಂಪಿಕ್ಸಿನಿಂದ ತೆಗೆದುಹಾಕಲಾಯಿತು! ಎಲ್ಲಿಯೋ ಕುಳಿತ ಸಮಿತಿಯೊಂದು ನಿಯಮ ತಿದ್ದಿದರೆ, ಎತ್ತು ಮಾರಿ ಪಿಸ್ತೂಲು ಕೊಂಡ ರೈತನ ಗತಿಯೇನು? ಗಾಳಿಯ ಸಿಲಿಂಡರಿಗೂ ಸಾಮಾನ್ಯವಾಗಿ ಹತ್ತು ವರ್ಷದ ಆಯುಷ್ಯ. ಅನಂತರ ಅದನ್ನು ಬದಲಾಯಿಸಬೇಕು.

ಹೀಗಾಗಿ ನನ್ನ ಅಭಿಪ್ರಾಯವಿಷ್ಟು: ಪಿಸ್ತೂಲು ಬೆಲೆಗೆ ತಕ್ಕದ್ದೇ, ಆದರೆ ಒಂದು ಮನೆ ತೆರಬೇಕಾದ ಬೆಲೆ ಅದಲ್ಲ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕೊಳ್ಳಬೇಕೆಂದು ಯಾವ ಅಧ್ಯಾಪಕರೂ ಹೇಳುವುದಿಲ್ಲ, ಅದು ಗ್ರಂಥಾಲಯದಲ್ಲಿರುತ್ತದೆ. ಊರಿನ ಗುಡಿಯಲ್ಲಿ ಮದುವೆಯ ಹಂಡೆ-ಪಾತ್ರೆಗಳಿರುತ್ತವೆ. ಬಡವನ ಮಗಳ ಮದುವೆಗೂ ಗೌಡರ ಮಗಳ ಮದುವೆಗೂ ಅದೇ ಹಂಡೆ. ನಮ್ಮ ಕಾಲೇಜಿನ ಕ್ರೀಡಾನಿಧಿಯಿಂದ, ಹಳೆಯ ವಿದ್ಯಾರ್ಥಿಗಳ ನೆರವಿನಿಂದ, ಎರಡು ವರ್ಷ ಕೂಡಿಟ್ಟಾದರೂ ಒಂದು ಪಿಸ್ತೂಲು ಏಕೆ ಬರಬಾರದು?

ಹಿಡಿ ಒಬ್ಬೊಬ್ಬರ ಕೈಗೆ ಒಂದೊಂದು ಅಳತೆಯಲ್ಲವೇ ಎಂದು ತಿಳಿದವರು ಆಕ್ಷೇಪಿಸಬಹುದು. ನಿಜ, ಆದರೆ ಮರದ ಹಿಡಿಯನ್ನು ಬಿಚ್ಚಿ ಬೇರೆಯದನ್ನು ಹಾಕಬಹುದು. ಪಿಸ್ತೂಲು ಕಾಲೇಜಿನದಾಗಿ ಹಿಡಿ ಮಾತ್ರ ಅವರವರದಾದರೆ ಖರ್ಚು ತಾಳಬಹುದಾದಷ್ಟೇ. ಬ್ಯಾಟರಿ ಬೇಡುವ ಟ್ರಿಗರಿಗಿಂತ ಸಾದಾ ಟ್ರಿಗರಿನದೇ ನಮ್ಮ ಊರಿಗೆ ಲೇಸು, ಕೆಟ್ಟರೆ ಬೀದರಿನಲ್ಲಿ ಅದನ್ನು ಬಿಚ್ಚುವವರು ಯಾರಿದ್ದಾರೆ? ಗಾಳಿಯನ್ನು ಕೈಪಂಪಿನಿಂದಲೇ ತುಂಬಬಹುದು. ಬಾಗಿಲು ಮುಚ್ಚಿದ ಒಂದು ಉದ್ದನೆಯ ಕೋಣೆ, ಹಿಂದೆ ಗಟ್ಟಿ ಗೋಡೆ, ಗುಂಡು ಹಿಡಿಯುವ ಪೆಟ್ಟಿಗೆ, ಒಬ್ಬ ಬಲ್ಲ ಮೇಲ್ವಿಚಾರಕರು, ಇಷ್ಟಿದ್ದರೆ ಆರಂಭಕ್ಕೆ ಸಾಕು.

ನಾನು ಈ ವರ್ಷ ಬಿ.ಎ. ಮುಗಿಸಿ ಹೊರಡುವವನು. ಪಿಸ್ತೂಲು ಬಂದರೂ ನನ್ನ ಕೈಗೆ ಸಿಗದು, ಸಿಕ್ಕರೂ ಗುರಿ ತಾಗದು. ಅಲಮಾರಿನ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಮಾತ್ರ ದೈಹಿಕ ಶಿಕ್ಷಣದ ಅಧ್ಯಾಪಕರೂ ಎನ್.ಸಿ.ಸಿ. ಅಧಿಕಾರಿಗಳೂ ಈಗಲೇ ಕುಳಿತು ಗೊತ್ತುಮಾಡಿಕೊಳ್ಳಲಿ.